ಮಸೂದೆ ವಿಧಾನಸೌಧದ್ದು, ಖರ್ಚು ಅಂಗಡಿಯದು

2024ರ ಫೆಬ್ರುವರಿ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಕಮರ್ಷಿಯಲ್ ಸ್ಟ್ರೀಟ್‌ಗಳಲ್ಲಿ ಎತ್ತ ನೋಡಿದರೂ ಏಣಿ. ಒಂದು ಅಂಗಡಿಯವರು ಇಂಗ್ಲಿಷ್ ಅಕ್ಷರಗಳ ಮೇಲೆ ಬಟ್ಟೆ ಬಿಗಿದಿದ್ದಾರೆ. ಪಕ್ಕದ ಅಂಗಡಿಯ ಬೋರ್ಡು ಬಿಚ್ಚಿ ಗೋಡೆಗೆ ಒರಗಿಸಿದೆ. ಎದುರು ಸಾಲಿನಲ್ಲಿ ಸದ್ಯಕ್ಕೆ ಇರಲಿ ಎಂದು ಹಳೆಯ ಬೋರ್ಡಿನ ಮೇಲೆಯೇ ಫ್ಲೆಕ್ಸ್ ಹೊದಿಸಿದ್ದಾರೆ. ಬೋರ್ಡು ಮಾಡುವವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಇವತ್ತು ಕೇಳಿದವರಿಗೆ ಮುಂದಿನ ವಾರ ಬನ್ನಿ ಎನ್ನುತ್ತಿದ್ದಾರೆ.

ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು ಎಂಬ ನಿಯಮಕ್ಕೆ ಫೆಬ್ರುವರಿ 28ರ ಗಡುವು ಹಾಕಲಾಗಿತ್ತು. ತಪ್ಪಿದರೆ ಟ್ರೇಡ್ ಲೈಸೆನ್ಸ್ ಅಮಾನತು ಎಂದು ಪಾಲಿಕೆ ಎಚ್ಚರಿಸಿತ್ತು. ಹಿಂದಿನ ಡಿಸೆಂಬರ್‌ನಲ್ಲಿ ಬೀದಿಯಲ್ಲಿ ಹೋರಾಟ ನಡೆದಿತ್ತು. ಜನವರಿಯಲ್ಲಿ ಸರ್ಕಾರ ತಂದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ವಾಪಸು ಕಳಿಸಿದ್ದರು. ಫೆಬ್ರುವರಿ ಅಧಿವೇಶನದಲ್ಲಿ ಅದೇ ವಿಷಯ ಮಸೂದೆಯ ರೂಪದಲ್ಲಿ ಬಂದು ಅಂಗೀಕಾರವಾಯಿತು.

ಕರ್ನಾಟಕದ ಅಂಗಡಿಯ ಮೇಲೆ ಕನ್ನಡ ಎದ್ದು ಕಾಣಬೇಕು ಎನ್ನುವುದರಲ್ಲಿ ಈ ಲೇಖಕನಿಗೆ ಎರಡು ಮಾತಿಲ್ಲ. ಆದರೆ ಆ ದಿನಗಳಲ್ಲಿ ಒಂದು ಸಾದಾ ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಎಲ್ಲಿಯೂ ಸಿಗುತ್ತಿರಲಿಲ್ಲ: ಇಷ್ಟು ಬೋರ್ಡುಗಳನ್ನು ಇಷ್ಟು ದಿನದಲ್ಲಿ ಬದಲಿಸಲು ಒಟ್ಟು ಎಷ್ಟು ಹಣ ಬೇಕು, ಅದರಲ್ಲಿ ಸಣ್ಣ ಅಂಗಡಿಯ ಪಾಲೆಷ್ಟು? ಮಸೂದೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಕೊನೆಯ ಪುಟದ ಒಂದು ಸಾಲು

ವಿಧಾನಮಂಡಲದಲ್ಲಿ ಮಂಡನೆಯಾಗುವ ಯಾವುದೇ ಮಸೂದೆಯ ಕೊನೆಯ ಪುಟಗಳನ್ನು ನೋಡಿ. ಮೊದಲು ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರುತ್ತದೆ. ಅದರ ಹಿಂದೆಯೇ ಆರ್ಥಿಕ ಜ್ಞಾಪನ ಪತ್ರ. ಹೆಸರು ದೊಡ್ಡದು, ಬಹಳ ಸಲ ಒಳಗಿರುವುದು ಒಂದೇ ಸಾಲು: ಪ್ರಸ್ತಾವಿತ ಕಾನೂನಿನಿಂದ ಹೆಚ್ಚುವರಿ ವೆಚ್ಚವೇನೂ ಆಗುವುದಿಲ್ಲ.

ಅದು ಸುಳ್ಳಲ್ಲ. ಅಲ್ಲಿ ಹೇಳಿರುವುದು ಸರ್ಕಾರದ ಬೊಕ್ಕಸದ ಮಾತು. ರಾಜ್ಯದ ಸಂಚಿತ ನಿಧಿಯಿಂದ ಖರ್ಚಾಗುವ ಮಸೂದೆಗೆ ರಾಜ್ಯಪಾಲರ ಶಿಫಾರಸು ಬೇಕು ಎನ್ನುತ್ತದೆ ಸಂವಿಧಾನದ 207ನೇ ವಿಧಿ. ಹೀಗಾಗಿ ಹೊಸ ಕಚೇರಿ, ಹೊಸ ಹುದ್ದೆ, ಹೊಸ ಪ್ರಾಧಿಕಾರ ಬರುವುದಾದರೆ ಆ ಖರ್ಚನ್ನು ತೋರಿಸಲೇಬೇಕು. ಕಡತ ಆರ್ಥಿಕ ಇಲಾಖೆಗೆ ಹೋದಾಗ ಅವರು ನೋಡುವುದೂ ಅದನ್ನೇ. ಕಾನೂನು ಇಲಾಖೆ ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ನೋಡುತ್ತದೆ. ಆಮೇಲೆ ಸಚಿವ ಸಂಪುಟ, ಸದನ, ರಾಜ್ಯಪಾಲರ ಅಂಕಿತ, ರಾಜ್ಯಪತ್ರ. ಇಷ್ಟು ಬಾಗಿಲು ದಾಟುವಾಗ ಎಲ್ಲಿಯೂ, ಬೊಕ್ಕಸದ ಹೊರಗಿನವರಿಗೆ ಇದು ಎಷ್ಟಕ್ಕೆ ಬೀಳುತ್ತದೆ ಎಂದು ಕೇಳುವುದನ್ನು ಯಾರ ಕೆಲಸವೆಂದೂ ಹೇಳಿಲ್ಲ.

ಸದನದಲ್ಲಿ ಶಾಸಕರು ಕೇಳಬಹುದು, ನಿಜ. ಗದ್ದಲದ ನಡುವೆ ಮಸೂದೆಗಳ ಅಂಗೀಕಾರ ಎಂಬ ತಲೆಬರಹ ಪ್ರತಿ ಅಧಿವೇಶನದಲ್ಲೂ ಓದುವ ನಮಗೆ ಆ ಭರವಸೆ ಅಷ್ಟೇನೂ ಗಟ್ಟಿಯಲ್ಲ.

ಲೆಕ್ಕ ಹಾಕುವ ಬಗೆ

ಖಾಸಗಿಯವರ ಮೇಲೆ ಬೀಳುವ ಹೊರೆಯನ್ನು ಮೊದಲೇ ಅಂದಾಜು ಮಾಡುವುದು ಮಂತ್ರವಿದ್ಯೆಯೇನಲ್ಲ. ಅದರ ಸರಳ ರೂಪ ನೆದರ್ಲೆಂಡ್ಸ್‌ನಿಂದ ಬಂದದ್ದು. ಒಂದು ನಿಯಮ ಪಾಲಿಸಲು ಎಷ್ಟು ಹೊತ್ತು ಬೇಕು, ಆ ಹೊತ್ತಿನ ಬೆಲೆಯೇನು, ವರ್ಷಕ್ಕೆ ಎಷ್ಟು ಸಲ ಮಾಡಬೇಕು, ಎಷ್ಟು ಮಂದಿ ಮಾಡಬೇಕು? ನಾಲ್ಕನ್ನೂ ಗುಣಿಸಿದರಾಯಿತು. 2003ರಿಂದ 2007ರ ಒಳಗೆ ಉದ್ಯಮಗಳ ಮೇಲಿನ ಕಾಗದಪತ್ರದ ಹೊರೆಯನ್ನು ಕಾಲುಭಾಗ ಇಳಿಸುತ್ತೇವೆ ಎಂದು ಹೊರಟ ಡಚ್ ಸರ್ಕಾರ ಹಿಡಿದದ್ದು ಇದೇ ಅಳತೆಗೋಲನ್ನು.

ನಮ್ಮಲ್ಲಿಗೆ ಹೊಂದಿಸಿ ನೋಡೋಣ. ಪ್ರತಿ ಅಂಗಡಿಯೂ ತಿಂಗಳಿಗೊಂದು ಹೊಸ ವಿವರಪಟ್ಟಿ ಸಲ್ಲಿಸಬೇಕು ಎಂದು ಕಾನೂನು ಬಂತೆನ್ನಿ. ತುಂಬಿ ಕೊಡಲು ಲೆಕ್ಕಪತ್ರದವರು ಸಲಕ್ಕೆ 500 ರೂಪಾಯಿ ಕೇಳುತ್ತಾರೆ. ವರ್ಷಕ್ಕೆ 6,000 ರೂಪಾಯಿ. ಒಂದು ಲಕ್ಷ ಅಂಗಡಿಗಳಿಗೆ ಅನ್ವಯವಾದರೆ 60 ಕೋಟಿ ರೂಪಾಯಿ. ಇವು ಬರೀ ಊಹೆಯ ಅಂಕಿಗಳು. ಆದರೂ ಹೆಚ್ಚುವರಿ ವೆಚ್ಚವಿಲ್ಲ ಎಂಬ ಸಾಲಿನ ಅಡಿಯಲ್ಲಿ ಎಷ್ಟು ದೊಡ್ಡ ಮೊತ್ತ ಅಡಗಿ ಕೂರಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ.

ಒಟ್ಟು ಮೊತ್ತಕ್ಕಿಂತ ಮುಖ್ಯವಾದದ್ದು ಅದು ಹಂಚಿಕೆಯಾಗುವ ರೀತಿ. ಎರಡು ಸಾವಿರ ಜನ ದುಡಿಯುವ ಕಂಪನಿಯಲ್ಲಿ ಇಂಥ ಕೆಲಸಕ್ಕೆಂದೇ ಒಂದು ವಿಭಾಗವಿರುತ್ತದೆ. ಅವರಿಗೆ ಇನ್ನೊಂದು ಫಾರಂ ಲೆಕ್ಕಕ್ಕಿಲ್ಲ. ಬೆಳಗಿನ ಐದಕ್ಕೆ ಹಿಟ್ಟು ನೋಡಿ, ರಾತ್ರಿ ಗಲ್ಲಾ ಎಣಿಸುವವರೆಗೂ ತಾನೇ ನಿಲ್ಲುವ ದರ್ಶಿನಿಯ ಮಾಲೀಕನಿಗೆ ಅದೇ ಫಾರಂ ಅರ್ಧ ದಿನವನ್ನು ನುಂಗುತ್ತದೆ. ಅಮೆರಿಕ 1980ರಲ್ಲೇ ಸಣ್ಣ ಉದ್ಯಮಗಳ ಮೇಲಿನ ಪರಿಣಾಮವನ್ನು ಬೇರೆಯಾಗಿ ನೋಡಬೇಕೆಂದು ಕಾಯ್ದೆ ಮಾಡಿದ್ದು ಈ ವ್ಯತ್ಯಾಸಕ್ಕಾಗಿಯೇ.

ಇನ್ನೊಂದು ಪ್ರಶ್ನೆಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಈ ಕಾನೂನು ಬರದಿದ್ದರೆ ಏನಾಗುತ್ತಿತ್ತು? ಬೋರ್ಡಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಬಿಸಿಲು ಮಳೆಗೆ ಮಾಸುವ ಬೋರ್ಡನ್ನು ಅಂಗಡಿಯವರು ಕೆಲವು ವರ್ಷಕ್ಕೊಮ್ಮೆ ತಾವಾಗಿಯೇ ಬದಲಿಸುತ್ತಾರೆ. ಹೊಸ ಬೋರ್ಡುಗಳಿಗೆ ಇಂದಿನಿಂದಲೇ, ಹಳೆಯವಕ್ಕೆ ಮುಂದಿನ ಬದಲಾವಣೆಯ ಹೊತ್ತಿಗೆ ಅಥವಾ ಇಂತಿಷ್ಟು ವರ್ಷದೊಳಗೆ ಎಂದಿದ್ದರೆ ಕಾನೂನಿನಿಂದಾಗಿ ಬಿದ್ದ ಹೆಚ್ಚಿನ ಖರ್ಚು ಸೊನ್ನೆಯ ಹತ್ತಿರ ಬರುತ್ತಿತ್ತು. ಶೇ 60 ಹಾಗೆಯೇ ಉಳಿಯುತ್ತಿತ್ತು. ಅಂಗಡಿಯವನ ಜೇಬಿಗೆ ಬಿದ್ದ ಹೊರೆಯ ಬಹುಭಾಗ ಕನ್ನಡದಿಂದ ಬಂದದ್ದಲ್ಲ, ಗಡುವಿನಿಂದ ಬಂದದ್ದು. ಇಂಥ ಲೆಕ್ಕಗಳ ನಿಜವಾದ ಉಪಯೋಗವೂ ಇಲ್ಲೇ ಇದೆ. ಕಾನೂನನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಅದರ ಯಾವ ಕಲಮನ್ನು ಎಷ್ಟು ತಿದ್ದಿದರೆ ಗುರಿ ಕೆಡದೆ ಹೊರೆ ಇಳಿಯುತ್ತದೆ ಎಂದು ಅವು ತೋರಿಸುತ್ತವೆ.

ಎರಡೇ ದಿನದಲ್ಲಿ ನಿಂತ ಮಸೂದೆ

ಲೆಕ್ಕವಿಲ್ಲದೆ ಹೊರಟರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ ತೋರಿಸಿತು. ಜುಲೈ 15ರಂದು ಸಚಿವ ಸಂಪುಟ, ಉದ್ಯಮ ಮತ್ತು ಕಾರ್ಖಾನೆಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಅರ್ಹರು ಸಿಗದಿದ್ದರೆ ಮೂರು ವರ್ಷದೊಳಗೆ ತರಬೇತಿ ಕೊಟ್ಟು ತಯಾರು ಮಾಡಬೇಕು. ವಿನಾಯಿತಿ ಕೇಳಬಹುದಾದರೂ ಕ್ರಮವಾಗಿ ಶೇ 25 ಮತ್ತು ಶೇ 50ಕ್ಕಿಂತ ಕೆಳಗಿಳಿಯುವಂತಿಲ್ಲ. ಉಲ್ಲಂಘಿಸಿದರೆ 10 ಸಾವಿರದಿಂದ 25 ಸಾವಿರ ರೂಪಾಯಿ ದಂಡ.

ಉದ್ಯಮಗಳ ಪೈಕಿ ಹೆಚ್ಚಿನವರಿಗೆ ವಿವರ ತಿಳಿದದ್ದು ಸಂಪುಟದ ತೀರ್ಮಾನ ಸುದ್ದಿಯಾದ ಮೇಲೆ. ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಬಹಿರಂಗವಾಗಿ ಬೇಸರ ತೋಡಿಕೊಂಡಿತು. ಹೆಸರಾಂತ ಉದ್ಯಮಿಗಳು ಸಾಮಾಜಿಕ ಜಾಲತಾಣದಲ್ಲಿ ಮುಗಿಬಿದ್ದರು. ಆಂಧ್ರದ ಸಚಿವ ನಾರಾ ಲೋಕೇಶ್ ಸಮಯ ಕಳೆಯದೆ, ನಮ್ಮಲ್ಲಿಗೆ ಬನ್ನಿ ಎಂದು ಕಂಪನಿಗಳನ್ನು ಕರೆದರು. ಜುಲೈ 17ರ ಸಂಜೆಯ ಹೊತ್ತಿಗೆ ಮಸೂದೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ ಎಂದು ಮುಖ್ಯಮಂತ್ರಿ ಕಚೇರಿ ಹೇಳಿತು.

ಬೇಡಿಕೆ ಹೊಸದೇನಲ್ಲ. 1980ರ ದಶಕದಲ್ಲೇ ಸರೋಜಿನಿ ಮಹಿಷಿ ಸಮಿತಿ ಕನ್ನಡಿಗರ ಉದ್ಯೋಗದ ಬಗ್ಗೆ 58 ಶಿಫಾರಸುಗಳನ್ನು ಕೊಟ್ಟಿತ್ತು. 2020–25ರ ಕೈಗಾರಿಕಾ ನೀತಿಯಲ್ಲಿ ಸರ್ಕಾರದ ರಿಯಾಯಿತಿ ಪಡೆಯುವ ಘಟಕಗಳು ಒಟ್ಟು ಕೆಲಸಗಳಲ್ಲಿ ಶೇ 70, ಡಿ ಗುಂಪಿನಲ್ಲಿ ಶೇ 100 ಕನ್ನಡಿಗರಿಗೆ ಕೊಡಬೇಕು ಎಂಬ ಷರತ್ತೇ ಇತ್ತು. ಮಾತು ಅಲ್ಲಿಂದ ಶುರುವಾಗಬೇಕಿತ್ತು. ಆ ಷರತ್ತು ಯಾವ ಜಿಲ್ಲೆಯಲ್ಲಿ, ಯಾವ ಉದ್ಯಮದಲ್ಲಿ ಎಷ್ಟು ಪಾಲನೆಯಾಗಿದೆ? ಯಾವ ಕೆಲಸಕ್ಕೆ ಇಲ್ಲಿಯವರು ಸಿಗುತ್ತಿದ್ದಾರೆ, ಯಾವುದಕ್ಕೆ ಸಿಗುತ್ತಿಲ್ಲ? ಸಿಗದ ಕಡೆ ತರಬೇತಿಗೆ ತಲೆಗೆಷ್ಟು ಖರ್ಚು, ಅದನ್ನು ಭರಿಸುವವರು ಯಾರು? ಈ ಅಂಕಿಗಳು ಮೇಜಿನ ಮೇಲಿದ್ದಿದ್ದರೆ ಕಂಪನಿಗಳು ಬೆದರಿಕೆಯ ಬದಲು ಅಂಕಿಗಳಿಗೆ ಉತ್ತರ ಕೊಡಬೇಕಾಗುತ್ತಿತ್ತು. ಅವು ಇರಲಿಲ್ಲ. ಸರ್ಕಾರ ಮುಂದಿಟ್ಟ ಹೆಜ್ಜೆಯನ್ನು ಎರಡೇ ದಿನದಲ್ಲಿ ಹಿಂದೆಗೆಯಿತು. ಕೆಲಸ ಸಿಕ್ಕೀತೆಂದು ಕಾದಿದ್ದ ಹುಡುಗರಿಗೆ ಉಳಿದದ್ದು ಎರಡು ದಿನದ ಟಿವಿ ಚರ್ಚೆ.

ಎರಡೂ ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೊಡ್ಡ ಕಂಪನಿಗಳಿಗೆ ತಮ್ಮದೇ ಲೆಕ್ಕಿಗರಿದ್ದಾರೆ, ವಕೀಲರಿದ್ದಾರೆ, ಮುಖ್ಯಮಂತ್ರಿಯ ಕಚೇರಿಗೆ ಫೋನು ಹೋಗುತ್ತದೆ. ಕಾನೂನಿನ ಹೊರೆ ಎಷ್ಟೆಂದು ಸರ್ಕಾರ ಎಣಿಸದಿದ್ದರೂ ಅವರು ಎಣಿಸಿಕೊಳ್ಳುತ್ತಾರೆ. ಚಿಕ್ಕಪೇಟೆಯ ಅಂಗಡಿಯವನು ಏಣಿ ತರಿಸುತ್ತಾನೆ. ಇಂಥ ಪರಿಶೀಲನೆ ಬಂಡವಾಳಶಾಹಿಗಳ ಬೇಡಿಕೆ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಅದರ ಅಗತ್ಯ ಹೆಚ್ಚಾಗಿರುವುದು ದನಿಯಿಲ್ಲದ ಸಣ್ಣವರಿಗೆ.

ಗಿಗ್ ಕಾಯ್ದೆ ಹಿಡಿದ ದಾರಿ

ವಿಚಿತ್ರವೆಂದರೆ ಉದ್ಯೋಗ ಮೀಸಲಿನ ಮಸೂದೆ ತಂದ ಕಾರ್ಮಿಕ ಇಲಾಖೆಯೇ, ಅದೇ ದಿನಗಳಲ್ಲಿ, ಇನ್ನೊಂದು ಕಾನೂನಿಗೆ ಬೇರೆ ದಾರಿ ಹಿಡಿದಿತ್ತು. ಊಟ ತಲುಪಿಸುವವರು, ಆ್ಯಪ್ ಆಧಾರಿತ ಆಟೊ ಮತ್ತು ಕ್ಯಾಬ್ ಚಾಲಕರಂಥ ಗಿಗ್ ಕಾರ್ಮಿಕರ ಮಸೂದೆಯ ಕರಡನ್ನು 2024ರ ಜೂನ್ ಕೊನೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಕೇಳಿತು. ಕಂಪನಿಗಳು, ಕಾರ್ಮಿಕ ಸಂಘಗಳು, ಕಾನೂನು ತಜ್ಞರು ಬರೆದರು, ಜಗಳವಾಡಿದರು. 2025ರ ಮೇನಲ್ಲಿ ಸುಗ್ರೀವಾಜ್ಞೆ ಬಂತು. ಆಗಸ್ಟ್‌ನಲ್ಲಿ ವಿಧಾನಮಂಡಲ ಮಸೂದೆಯನ್ನು ಅಂಗೀಕರಿಸಿತು. ತಡವಾಯಿತು, ಆದರೆ ನಿಂತಿತು.

ಕಾರ್ಮಿಕನಿಗೆ ಪ್ರತಿ ವಹಿವಾಟಿನಲ್ಲಿ ಕೊಡುವ ಹಣದ ಶೇ 1ರಿಂದ ಶೇ 5ರವರೆಗೆ ಕಲ್ಯಾಣ ಶುಲ್ಕವನ್ನು ವೇದಿಕೆಗಳು ಕಟ್ಟಬೇಕೆಂದು ಕಾಯ್ದೆ ಹೇಳುತ್ತದೆ. ಒಂದು ಡೆಲಿವರಿಗೆ ಹುಡುಗನ ಕೈಗೆ 40 ರೂಪಾಯಿ ಸಿಗುತ್ತದೆ ಎಂದುಕೊಂಡರೆ ಶುಲ್ಕ 40 ಪೈಸೆಯಿಂದ 2 ರೂಪಾಯಿ. ಊಟ ತರಿಸಿಕೊಂಡವರಿಗೆ ಇದು ಗೊತ್ತೂ ಆಗುವುದಿಲ್ಲ. ದಿನಕ್ಕೆ 10 ಲಕ್ಷ ಡೆಲಿವರಿಗಳನ್ನು ಊಹಿಸಿಕೊಂಡರೆ ಮಾತ್ರ ಅದು 4 ಲಕ್ಷದಿಂದ 20 ಲಕ್ಷ ರೂಪಾಯಿ. ಶೇ 1 ಮತ್ತು ಶೇ 5ರ ನಡುವೆ ಎಲ್ಲಿ ನಿಲ್ಲಿಸಬೇಕು ಎಂಬುದು ಪೂರ್ತಿ ಲೆಕ್ಕದ ಪ್ರಶ್ನೆ.

ಅದಕ್ಕಿಂತ ಜಟಿಲವಾದದ್ದು, ಕೊನೆಗೆ ಆ ಹಣ ಯಾರ ಜೇಬಿನಿಂದ ಬರುತ್ತದೆ ಎನ್ನುವುದು. ಕಟ್ಟುವುದು ಕಂಪನಿ. ಅದು ತನ್ನ ಲಾಭದಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಗ್ರಾಹಕನ ಬಿಲ್ಲಿಗೆ ಸೇರಿಸಬಹುದು. ಹೋಟೆಲಿನವರಿಂದ ಪಡೆಯುವ ಕಮಿಷನ್ ಏರಿಸಬಹುದು. ಅಥವಾ ಹುಡುಗನಿಗೆ ಕೊಡುವ ಮೊತ್ತವನ್ನೇ ಸದ್ದಿಲ್ಲದೆ ಇಳಿಸಿ, ಅವನ ಹಣದಿಂದ ಅವನದೇ ಕಲ್ಯಾಣ ಮಾಡಿಸಬಹುದು. ಒಳ್ಳೆಯ ಅಂದಾಜು ಈ ನಾಲ್ಕು ದಾರಿಗಳನ್ನೂ ಹಿಂಬಾಲಿಸುತ್ತದೆ. ಜೊತೆಗೆ ಇನ್ನೊಂದು ಬದಿಯನ್ನೂ ಬರೆಯುತ್ತದೆ: ಅಪಘಾತವಾಗಿ ಮೂರು ತಿಂಗಳು ಮಲಗಿದವನ ಮನೆಯ ಸಾಲ ಎಷ್ಟು ತಪ್ಪುತ್ತದೆ, ವಿಮೆಯಿಂದ ಎಷ್ಟು ಕುಟುಂಬಗಳು ಉಳಿದುಕೊಳ್ಳುತ್ತವೆ.

ಆ ಬದಿಯನ್ನು ಬಿಟ್ಟರೆ ಈ ವಿದ್ಯೆಯೇ ಅಪಾಯಕಾರಿ. ಮಾಲೀಕರ ಖರ್ಚನ್ನು ಮಾತ್ರ ಎಣಿಸಿದ್ದರೆ ಬಾಲಕಾರ್ಮಿಕ ನಿಷೇಧವೂ ನಷ್ಟದ ಬಾಬತ್ತೇ ಆಗುತ್ತಿತ್ತು, ವಾರದ ರಜೆಯೂ ಆಗುತ್ತಿತ್ತು.

ಬೇರೆ ಕಡೆ ಹೇಗೆ ಮಾಡುತ್ತಾರೆ

ಬ್ರಿಟನ್‌ನಲ್ಲಿ ಉದ್ಯಮಗಳ ಮೇಲೆ ದೊಡ್ಡ ಪರಿಣಾಮ ಬೀರುವ ಪ್ರಸ್ತಾವಕ್ಕೆ ಇಲಾಖೆ ಪರಿಣಾಮದ ಅಂದಾಜು ಬರೆಯಬೇಕು. 2009ರಲ್ಲಿ ಶುರುವಾದ ಸ್ವತಂತ್ರ ಸಮಿತಿಯೊಂದು ಆ ಅಂದಾಜನ್ನೇ ತಪಾಸಣೆ ಮಾಡಿ, ಇದು ಸರಿಯಿದೆ ಅಥವಾ ಇಲ್ಲ ಎಂದು ಬಹಿರಂಗವಾಗಿ ಹೇಳುತ್ತದೆ. ಕಾನೂನು ಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಅದಕ್ಕಿಲ್ಲ.

ಅಮೆರಿಕದ ರಾಜ್ಯಗಳಲ್ಲಿ ಹೆಚ್ಚಿನ ಲೆಕ್ಕ ನಡೆಯುವುದು ಕಾಯ್ದೆಯಡಿ ನಿಯಮ ರೂಪಿಸುವಾಗ. ಫ್ಲಾರಿಡಾದಲ್ಲಿ ಒಂದು ನಿಯಮದಿಂದ ಮೊದಲ ವರ್ಷದಲ್ಲಿ ಒಟ್ಟು 2 ಲಕ್ಷ ಡಾಲರ್‌ಗಿಂತ ಹೆಚ್ಚಿನ ಹೊರೆ ಬೀಳುವಂತಿದ್ದರೆ ವೆಚ್ಚದ ಅಂದಾಜುಪಟ್ಟಿ ಕಡ್ಡಾಯ. ಐದು ವರ್ಷದಲ್ಲಿ 10 ಲಕ್ಷ ಡಾಲರ್ ದಾಟುವಂತಿದ್ದರೆ ಶಾಸನಸಭೆ ಒಪ್ಪುವವರೆಗೆ ನಿಯಮ ಜಾರಿಗೇ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 5 ಕೋಟಿ ಡಾಲರ್ ದಾಟುವ ನಿಯಮಗಳಿಗೆ ವಿಸ್ತಾರವಾದ ಆರ್ಥಿಕ ಅಧ್ಯಯನ ಬೇಕು.

ನಮಗೆ ಹೆಚ್ಚು ಪಾಠವಿರುವುದು ಕ್ಯಾಲಿಫೋರ್ನಿಯಾದ ಇನ್ನೊಂದು ಏರ್ಪಾಡಿನಲ್ಲಿ. ಇಂತಿಂಥ ಚಿಕಿತ್ಸೆಗೆ ವಿಮಾ ಕಂಪನಿಗಳು ಹಣ ಕೊಡಲೇಬೇಕು ಎನ್ನುವ ಮಸೂದೆಗಳು ಅಲ್ಲಿ ವರ್ಷವೂ ಬರುತ್ತವೆ. ಪ್ರತಿಯೊಂದರ ಹಿಂದೆಯೂ ಮರುಗುವಂಥ ರೋಗಿಯ ಕತೆ ಇರುತ್ತದೆ, ಬೇಡ ಎನ್ನಲು ಯಾರಿಗೂ ಬಾಯಿ ಬಾರದು. 2002ರ ಕಾಯ್ದೆಯೊಂದು ಇಂಥ ಮಸೂದೆಗಳ ಪರಿಶೀಲನೆಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ವಹಿಸಿತು. ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆಯೇ, ವಿಮೆಯ ಕಂತು ಎಷ್ಟು ಏರುತ್ತದೆ, ಜನರ ಆರೋಗ್ಯಕ್ಕೆ ಎಷ್ಟು ಲಾಭ ಎಂದು ಅಧ್ಯಾಪಕರ ತಂಡ 60 ದಿನದಲ್ಲಿ ವರದಿ ಕೊಡುತ್ತದೆ. ಮಸೂದೆ ಒಪ್ಪಿ, ತಿರಸ್ಕರಿಸಿ ಎನ್ನುವುದಿಲ್ಲ. ವರದಿ ಎಲ್ಲರಿಗೂ ಓದಲು ಸಿಗುತ್ತದೆ.

ನಮ್ಮಲ್ಲೂ ಮಾತು ಆಗಿಲ್ಲವೆಂದಲ್ಲ. ಮುಖ್ಯ ನ್ಯಾಯಮೂರ್ತಿಯಾಗಿದ್ದ ಕನ್ನಡಿಗರೇ ಆದ ಎಂ.ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ, ಮಹತ್ವದ ಸಾಮಾಜಿಕ ಮತ್ತು ಆರ್ಥಿಕ ಮಸೂದೆಗಳನ್ನು ವ್ಯಾಪಾರಿಗಳು, ಕಾರ್ಮಿಕ ಸಂಘಗಳು, ವಿದ್ವಾಂಸರ ಮುಂದೆ ಚರ್ಚೆಗೆ ಇಡಬೇಕು ಎಂದಿತ್ತು. 2014ರಲ್ಲಿ ಕೇಂದ್ರ ಸರ್ಕಾರ ಮಸೂದೆ ಪೂರ್ವ ಸಮಾಲೋಚನಾ ನೀತಿ ತಂದಿತು. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಅದರ ಹಣಕಾಸಿನ ಪರಿಣಾಮ ಮತ್ತು ಜನರ ಬದುಕು, ಜೀವನೋಪಾಯಗಳ ಮೇಲಿನ ಪರಿಣಾಮದ ಅಂದಾಜು ಕೊಡಬೇಕು ಎನ್ನುತ್ತದೆ ಆ ನೀತಿ. ಅದು ಕೇಂದ್ರದ ಇಲಾಖೆಗಳಿಗೆ ಮಾತ್ರ, ಅದೂ ಕಾನೂನಿನ ಬಲವಿಲ್ಲದ ನೀತಿ. ರಾಜ್ಯದಲ್ಲಿ ಕರಡು ತೋರಿಸುವುದೂ ಬಿಡುವುದೂ ಬಹುಮಟ್ಟಿಗೆ ಇಲಾಖೆಯ ಇಚ್ಛೆ.

ಕೋರ್ಟಿನಲ್ಲಿ ಬಿಚ್ಚುವ ಲೆಕ್ಕ

ಮೊದಲು ಎಣಿಸದ್ದನ್ನು ಆಮೇಲೆ ನ್ಯಾಯಾಲಯದಲ್ಲಿ ಎಣಿಸಬೇಕಾಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಜಾರಿಗೆ ತಂದ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಹರಿಯಾಣದಲ್ಲಿ 30 ಸಾವಿರ ರೂಪಾಯಿವರೆಗಿನ ಸಂಬಳದ ಖಾಸಗಿ ಕೆಲಸಗಳಲ್ಲಿ ಶೇ 75 ಸ್ಥಳೀಯರಿಗೆ ಎಂಬ ಕಾಯ್ದೆ 2022ರ ಜನವರಿಯಲ್ಲಿ ಜಾರಿಯಾಗಿ 2023ರ ನವೆಂಬರ್‌ನಲ್ಲಿ ಹೈಕೋರ್ಟಿನಲ್ಲಿ ಬಿತ್ತು. ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ ನಮ್ಮ ನಿಯಮಕ್ಕೆ 2025ರ ಸೆಪ್ಟೆಂಬರ್‌ನಲ್ಲಿ, ಹೊರಬಂದ ತಿಂಗಳಲ್ಲೇ, ತಡೆಯಾಜ್ಞೆ ಬಂತು.

ನ್ಯಾಯಾಲಯಕ್ಕೆ ಹೋಗುವವರು ಮತ್ತೆ ವಕೀಲರ ಫೀಸು ಕೊಡಬಲ್ಲವರೇ. ಅಲ್ಲಿ ತೀರ್ಪು ನಿಲ್ಲುವುದು ಸಂವಿಧಾನದ ಹಕ್ಕುಗಳ ಮೇಲೆ. ಗಡುವನ್ನು ಆರು ತಿಂಗಳು ಮುಂದೂಡಿದ್ದರೆ ಸಾಕಿತ್ತಲ್ಲ ಎಂಬಂಥ ಸಣ್ಣ ತಿದ್ದುಪಡಿಗೆ ಅದು ಜಾಗವಲ್ಲ.

ಅಂಕಿಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ನಿಜ. ಆಮ್ಲ ಮಳೆ ತಡೆಯಲು ಅಮೆರಿಕ 1990ರಲ್ಲಿ ಕಾಯ್ದೆ ಬಿಗಿ ಮಾಡಿದಾಗ ವಿದ್ಯುತ್ ಕಂಪನಿಗಳು ಹೇಳಿದ ಖರ್ಚು ಬೆಟ್ಟದಷ್ಟಿತ್ತು. ನಿಜವಾಗಿ ಆದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಉದ್ಯಮಿ ಹೊರೆಯನ್ನು ಉಬ್ಬಿಸುತ್ತಾನೆ, ಇಲಾಖೆ ಲಾಭವನ್ನು ಉಬ್ಬಿಸುತ್ತದೆ. ಹಾಗಾಗಿಯೇ ಮೂರನೆಯವರು ಎಣಿಸಬೇಕು, ಎಣಿಸಿದ್ದನ್ನು ಎಲ್ಲರಿಗೂ ತೋರಿಸಬೇಕು, ಮೂರು ವರ್ಷ ಬಿಟ್ಟು ಹಿಂದಿರುಗಿ ತಾಳೆ ನೋಡಬೇಕು.

ಇಲ್ಲಿ ಆಗಬಹುದಾದದ್ದು

ಇದಕ್ಕೆ ದೊಡ್ಡ ಇಲಾಖೆಯನ್ನು ಹುಟ್ಟುಹಾಕಬೇಕಿಲ್ಲ. ಹಾಗೆ ಮಾಡಿದರೆ ಅದೇ ಇನ್ನೊಂದು ಖರ್ಚು. ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ 1972ರಿಂದ ಬೆಂಗಳೂರಿನಲ್ಲಿದೆ. ರಾಷ್ಟ್ರೀಯ ಕಾನೂನು ಶಾಲೆ ಅದೇ ಊರಿನ ನಾಗರಬಾವಿಯಲ್ಲಿದೆ. ಕೆಂಗೇರಿ ಬಳಿ ಸರ್ಕಾರದ್ದೇ ವಿತ್ತೀಯ ಕಾರ್ಯನೀತಿ ಸಂಸ್ಥೆ ಇದೆ. ವ್ಯಾಪಾರ, ಉದ್ಯೋಗ, ಕೂಲಿಗೆ ಸಂಬಂಧಿಸಿದ ಮಸೂದೆಗಳನ್ನು ಇಂಥ ಸಂಸ್ಥೆಯೊಂದಕ್ಕೆ ಗಡುವು ಕೊಟ್ಟು ಕಳಿಸಿ, ಬಂದ ವರದಿಯನ್ನು ಆರ್ಥಿಕ ಜ್ಞಾಪನ ಪತ್ರದ ಜೊತೆಗೇ ಸದನದಲ್ಲಿ ಇಡಿ ಎಂದು ಸದನದ ಕಾರ್ಯವಿಧಾನ ನಿಯಮಗಳಿಗೆ ತಿದ್ದುಪಡಿ ಮಾಡಿದರೆ ಸಾಕು. ತುರ್ತು ಇದ್ದಾಗ ಸುಗ್ರೀವಾಜ್ಞೆಯ ದಾರಿ ಇದ್ದೇ ಇದೆ. ಆಗ ವರದಿ ಮಸೂದೆಯಾಗುವ ಹೊತ್ತಿಗೆ ಬರಲಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಮಸೂದೆಗಳ ಕನ್ನಡ ಪ್ರತಿ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಕರಡು ನಿಯಮಗಳು ರಾಜ್ಯಪತ್ರದಲ್ಲಿ ಬರುವಾಗ ಆಕ್ಷೇಪಣೆ ಸಲ್ಲಿಸಲು ದಿನಗಳನ್ನೂ ವಿಳಾಸವನ್ನೂ ಅಲ್ಲೇ ಕೊಟ್ಟಿರುತ್ತಾರೆ. ಅಂಗಡಿ, ಹೋಟೆಲ್, ಗಾರ್ಮೆಂಟ್ ಘಟಕ ನಡೆಸುವವರು, ಅವುಗಳಲ್ಲಿ ದುಡಿಯುವವರು ಒಂದು ಪುಟ ಬರೆಯಿರಿ. ಕಾನೂನು ಬೇಕು ಅಥವಾ ಬೇಡ ಎಂದಷ್ಟೇ ಬರೆದು ನಿಲ್ಲಿಸಬೇಡಿ. ನಿಮಗೆ ಎಷ್ಟು ಖರ್ಚು, ಎಷ್ಟು ಹೊತ್ತು, ಎಷ್ಟು ದಿನ ಕೊಟ್ಟರೆ ಆ ಖರ್ಚು ಎಷ್ಟು ಇಳಿಯುತ್ತದೆ ಎಂದು ಅಂಕಿ ಸಮೇತ ಬರೆಯಿರಿ.